ದಿಬ್ಬದ ಮೇಲಿನ ಕಡೆಯ ಕಂಬ

ಊರೆಲ್ಲ ಅವನನ್ನು ಏಣಿಯಣ್ಣ ಎನ್ನುತ್ತಿತ್ತು. ಬೀದಿಯ ಸೀಮೆಎಣ್ಣೆ ದೀಪಗಳನ್ನು ಹಚ್ಚುವುದು ಅವನ ಕೆಲಸ. ಹೊತ್ತು ಇಳಿಯುತ್ತಿದ್ದಂತೆ ಹೆಗಲಿಗೆ ಏಣಿ, ಕೈಗೆ ಎಣ್ಣೆ ಡಬ್ಬಿ. ಕಂಬ ಕಂಬಕ್ಕೂ ಹತ್ತಿ, ಗಾಜು ಒರೆಸಿ, ಬತ್ತಿ ಕತ್ತರಿಸಿ, ಹಚ್ಚಿ ಇಳಿಯಬೇಕು. ಬೆಳಗಾಗುವ ಮೊದಲೇ ಮತ್ತೆ ಸುತ್ತಿ ಅವನ್ನೆಲ್ಲ ಆರಿಸಬೇಕು. ಹಗಲೆಲ್ಲ ನಿದ್ದೆ. ಮದುವೆಯಾದಂದಿನಿಂದ ಹೆಂಡತಿ ಒಂದೇ ಒಂದು ಸಂಜೆ ಗಂಡನ ಪಕ್ಕ ಕೂತವಳಲ್ಲ. "ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ನಮ್ಮನೆ ನೋಡಿಯೇ ಅಂದಿರಬೇಕು" ಎಂದು ಪಕ್ಕದ ಮನೆಯವಳ ಹತ್ತಿರ ನಗುತ್ತಿದ್ದಳು. ನಕ್ಕರೇನು, ಆಸೆ ಹೋಗುತ್ತದೆಯೇ?

ಆಮೇಲೆ ಬೀದಿಗೆ ಕರೆಂಟು ಬಂತು. ಯಾರೋ ಎಲ್ಲೋ ಗುಂಡಿ ಒತ್ತಿದರೆ ಬೀದಿಗೆ ಬೀದಿಯೇ ಬೆಳಗುತ್ತಿತ್ತು. ಏಣಿಯಣ್ಣನನ್ನು ಉಗ್ರಾಣದ ಹಗಲು ಕಾವಲಿಗೆ ಹಾಕಿದರು. ಊರಿನವರು ಅಯ್ಯೋ ಪಾಪ ಎಂದರು. ಹೆಂಡತಿಗೆ ಮಾತ್ರ ಹಾಲು ಕುಡಿದಷ್ಟು ಸಂತೋಷ. ಬಾಗಿಲ ಮುಂದೆ ಚಾಪೆ ಹಾಸಿದಳು.

ಆದರೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೊತ್ತು ಇಳಿದದ್ದೇ ತಡ, "ಈಗ ಬಂದೆ ಕಣೇ" ಎಂದು ಅವನು ಎದ್ದು ಹೋಗುತ್ತಿದ್ದ. ದಿನಾ ಇದೇ ಕಥೆ. ಒಂದು ಸಂಜೆ ಅವಳಿಗೆ ರೇಗಿತು. ಯಾವ ಸುಖಕ್ಕೆ ಹೋಗುತ್ತಾನೋ ನೋಡಿಯೇ ಬಿಡುತ್ತೇನೆ ಎಂದು, ಮನೆಯ ದೀಪವನ್ನೂ ಹಚ್ಚದೆ, ಬಾಗಿಲು ಎಳೆದುಕೊಂಡು ಹಿಂದೆಯೇ ಹೊರಟಳು.

ಅವನು ಹಳೆಯ ದಾರಿಯಲ್ಲೇ ನಡೆದು ದಿಬ್ಬದ ಮೇಲಿನ ಕಡೆಯ ಕಂಬಕ್ಕೆ ಒರಗಿ ನಿಂತ. ಕಣ್ಣಿಗೆ ಕೈ ಅಡ್ಡ ಹಿಡಿದು ಕೆಳಗೆ ಏನನ್ನೋ ಹುಡುಕತೊಡಗಿದ.

"ಏನ್ರೀ ಅದು, ಮನೇಲಿ ಸಿಗದೇ ಇರೋದು?"

ಅವನು ಬೆಚ್ಚಿಬಿದ್ದ. "ನಮ್ಮನೆ ದೀಪ ಕಣೇ. ಆಗೆಲ್ಲ ಈ ಕಂಬ ಹತ್ತಿದ್ರೆ, ಕಿಟಕೀಲಿ ನೀನು ದೀಪ ಇಡೋದು ಕಾಣೋದು. ಅದನ್ನ ನೋಡ್ಕೊಂಡೇ ಇದನ್ನ ಹಚ್ತಿದ್ದೆ. ಈಗ ಈ ಹಾಳು ಬೆಳಕಲ್ಲಿ ಯಾವುದು ನಮ್ಮದೋ ಗೊತ್ತೇ ಆಗಲ್ಲ. ದಿನಾ ಬಂದು ಹುಡುಕ್ತೀನಿ."

ಅವಳ ಸಿಟ್ಟು ಅಲ್ಲೇ ಇಳಿಯಿತು. ಇಷ್ಟು ವರ್ಷ ತಾನೊಬ್ಬಳೇ ಕಾದೆ ಎಂದುಕೊಂಡಿದ್ದಳು.

"ಇವತ್ತು ಹಚ್ಚೇ ಇಲ್ಲ ಕಣ್ರೀ," ಎಂದಳು. "ಹಚ್ಚೋಳು ಇಲ್ಲೇ ನಿಂತಿದ್ದೀನಿ."

ಅವನು ಕೈ ಇಳಿಸಿ ಅವಳತ್ತ ತಿರುಗಿದ. ಕಂಬದ ಬೆಳಕು ಅವಳ ಮೇಲೆ ಬೀಳುತ್ತಿತ್ತು. ಬಹಳ ಹೊತ್ತು ನೋಡಿದ.

"ಕೂದಲು ಇಷ್ಟೊಂದು ಬೆಳ್ಳಗಾಗಿದೆಯಲ್ಲೇ. ಯಾವಾಗ?"

"ನೀವು ಏಣಿ ಮೇಲಿದ್ದಾಗ," ಎಂದಳು ಅವಳು, ಕಂಬದ ಬುಡದಲ್ಲಿ ಅವನಿಗೂ ಜಾಗ ಬಿಟ್ಟು ಕೂರುತ್ತ.