ಕಿವಿಗೆ ಬೀಳದ ಸುದ್ದಿ

"ಜಿಗಣಿ ಅಂದ್ರ ಕಾಲು ಹತ್ತಿ ರಕ್ತ ಕುಡಿಯೂ ಹುಳಾನ?" ಸಿದ್ದಣ್ಣ ಕೇಳಿದರು.

"ಹೌದ್ರಿ ಮಾವಾರ. ಅದಕ್ಕ ಈ ಕಾಲಚೀಲ ಹೊಲದೀನಿ. ಮೊಣಕಾಲ ತನಕಾ ಬರ್ತಾವ, ಹಾಕ್ಕೊಂಡ ನೋಡ್ರಿ."

"ರಕ್ತ ಕುಡಿಸಾಕ ಕೇರಳಕ್ಕ ಯಾಕ ಹೋಗಬೇಕು? ನಮ್ಮ ಪ್ಯಾಟ್ಯಾಗ ದಲಾಲರು ಏನ ಕಮ್ಮಿ ಅದಾರ?"

ಪ್ರಾಜಕ್ತಾ ಹೊಲಿಗೆ ಯಂತ್ರದಿಂದ ತಲೆ ಎತ್ತದೆಯೇ ನಕ್ಕಳು. ಮಾವ ಖುಷಿಯಲ್ಲಿದ್ದರು. ನಾಳೆ ಬೆಳಗಿನ ಜಾವ ರೈಲು.

ಸೋಲಾಪುರದ ಈ ಚಾದರ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಬಂದು ನಾಲ್ಕು ವರ್ಷ. ಪ್ರವಾಸ ಅಂದರೆ ತುಳಜಾಪುರ, ಪಂಢರಪುರ, ಅಕ್ಕಲಕೋಟೆ. ಮುಂದಿನ ವರ್ಷ ಮತ್ತೆ ಅವೇ. ಅವಳು ಹುಟ್ಟಿದ ಕಂದಲಗಾಂವದಲ್ಲಿ ನೆರಳು ಅಂದರೆ ಬಾವಿ ಬದಿಯ ಒಂದು ಬೇವು. ಬಿಸಿಲು ನೆಲ ಮುಟ್ಟದ ಕಾಡೂ ಇದೆ ಎಂದು ಶಾಲೆಯಲ್ಲಿ ಭೂಗೋಳದ ಶಿಕ್ಷಕಿ ಹೇಳಿದಾಗ ಇಡೀ ವರ್ಗವೇ ನಕ್ಕಿತ್ತು. ಇವಳು ಮಾತ್ರ ನಕ್ಕಿರಲಿಲ್ಲ. ಒಂದು ವರ್ಷ ಬೆನ್ನು ಹತ್ತಿ ಗಂಡ ಶೈಲೇಶನನ್ನು ಒಪ್ಪಿಸಿದಳು. ಅತ್ತೆ ಶಾರದಾಬಾಯಿಗಾಗಿ ಗುರುವಾಯೂರನ್ನು ಸೇರಿಸಿದಳು. ಸೈಲೆಂಟ್ ವ್ಯಾಲಿ ಕಾಡು ಸುತ್ತುವ ಜೀಪು, ವಸತಿ, ನಾಲ್ವರ ಹೆಸರು, ಆಧಾರ, ತಾರೀಖು ಎಲ್ಲ ಅವಳೇ ಕುದುರಿಸಿದ್ದಳು. ಬುಕಿಂಗ್ ಎಲ್ಲ ಮಾವನ ನಂಬರಿನ ಮೇಲೆ. ಹಾಗಾಗಿ ನಾಲ್ಕು ದಿನಗಳಿಂದ ಅವರ ಫೋನು ಇವಳ ಕೈಯಲ್ಲೇ ಇತ್ತು.

ಮಧ್ಯಾಹ್ನ ಹನ್ನೆರಡಕ್ಕೆ ಅದು ಬಡಿದುಕೊಂಡಿತು. ಅಕ್ಕಲಕೋಟೆಯ ರತ್ನಾಬಾಯಿ, ಸಿದ್ದಣ್ಣನವರ ಅತ್ತಿಗೆ. ಪ್ರಾಜಕ್ತಾ ಹಿತ್ತಲಿಗೆ ಹೋಗಿ ಎತ್ತಿದಳು.

"ಸಿದ್ದಣ್ಣ ಎಲ್ಲಿ ಅದಾನವಾ? ಇವ್ರು ನಿನ್ನಿಯಿಂದ ಸಿದ್ದೂ ಸಿದ್ದೂ ಅನ್ನಾಕತ್ತಾರ. ಡಾಕ್ಟರು ಕೈಬಿಟ್ಟಾರ. ತಮ್ಮನ ಕೈಲೆ ಒಂದ ಗುಟುಕ ನೀರು ಬೇಕಂತ. ನಾ ಹಾಕಿದ್ರ ಬಾಯಿ ಮುಚ್ಚತಾರ."

"ಮಾವಾರು ಹೊರಗ ಹೋಗ್ಯಾರ್ರಿ ದೊಡ್ಡತ್ತಿ. ಬಂದ ಕೂಡ್ಲೆ ಹೇಳ್ತೀನಿ."

"ಹೇಳವಾ. ಬಸ್ಸಿಗೆ ಒಂದ ತಾಸಿನ ಹಾದಿ."

ಒಳಗೆ ಸಿದ್ದಣ್ಣ ಒಂದು ಕಾಲಿಗೆ ಚೀಲ ಏರಿಸಿ, ಇನ್ನೊಂದಕ್ಕೆ ಹೆಣಗುತ್ತಿದ್ದರು. "ಯಾರದ ಫೋನು, ಪ್ರಾಜು?"

"ಜೀಪಿನವರದ್ರಿ."

ಅಪ್ಪ ಸತ್ತಾಗ ಸಿದ್ದಣ್ಣನವರಿಗೆ ಆರು ವರ್ಷ. ಅಣ್ಣ ಅಣ್ಣಾರಾಯ ಒಂದು ಹೆಗಲಿಗೆ ಚಾದರದ ಗಂಟು, ಇನ್ನೊಂದಕ್ಕೆ ತಮ್ಮನನ್ನು ಹೊತ್ತು ಸಂತೆ ತಿರುಗಿದ್ದ. ಈ ಕಥೆಯನ್ನು ಪ್ರಾಜಕ್ತಾ ಊಟಕ್ಕೊಮ್ಮೆ ಕೇಳಿದ್ದಳು.

ಅಡುಗೆಮನೆಯಲ್ಲಿ ಶಾರದಾಬಾಯಿ ದಾರಿಗೆಂದು ಕಟಕ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು. ಶೈಲೇಶ ಶೇಂಗಾ ಚಟ್ನಿ ನೆಕ್ಕುತ್ತ ನಿಂತಿದ್ದ. ಇಬ್ಬರಿಗೂ ಹೇಳಿದಳು.

"ನನಗ ಹೇಳಿದಿ, ಆತು," ಅಂದರು ಶಾರದಾಬಾಯಿ. "ಅವರಿಗೆ ಹೇಳಬ್ಯಾಡ. ಹೋದ್ರಂದ್ರ ಅಣ್ಣನ ಬದಿಯಿಂದ ಏಳಂಗಿಲ್ಲ. ಆ ಮ್ಯಾಲೆ ಹತ್ತ ದಿನ ಸೂತಕ, ಗುರುವಾಯೂರೂ ಇಲ್ಲ, ನಿನ್ನ ಗಿಡಾನೂ ಇಲ್ಲ."

"ಇವತ್ತ ರಾತ್ರಿನ ಏನರೆ ಆದ್ರ, ಅತ್ಯಾ?"

"ಜೀವ ಹೋದ್ರ ಸೂತಕ ಹತ್ತೂದಿಲ್ಲ, ಹುಚ್ಚಿ. ಕಿವಿಗೆ ಬಿದ್ರ ಹತ್ತತೈತಿ. ನಮ್ಮತ್ತಿ ಹೋದಾಗ ನಾದಿನಿ ಸಾವಿತ್ರಿಬಾಯಿ ಕಾಶಿಯೊಳಗ ಇದ್ಲು. ತಿಂಗಳ ಮ್ಯಾಲೆ ಸುದ್ದಿ ಮುಟ್ಟಿತು. ತಿಂಗಳಪೂರ್ತಿ ದೇವರಿಗೆ ಹೂ ಏರಿಸ್ಯಾಳ. ಯಾರೇನ ಅಂದ್ರು?"

"ಆದ್ರ ಅವ್ವಾ, ದೊಡ್ಡಪ್ಪ ಕರ್ಯಾಕತ್ತಾರಲ್ಲ," ಶೈಲೇಶ ಬೆರಳು ಒರೆಸಿಕೊಂಡ.

"ಭಾವನವರು ಮೂರ ವರ್ಷದಿಂದ ಸಾಯಾಕತ್ತಾರ. ನಾಕ ದಿನಾ ತಡ್ಯಾಕ ಬರೂದಿಲ್ಲೇನ?"

ಶೈಲೇಶ ಹೆಂಡತಿಯ ಮುಖ ನೋಡಿದ. ಅವಳು ಹೂಂ ಅಂದಿದ್ದರೆ ಅವನು ಅಪ್ಪನನ್ನು ಗಾಡಿಯ ಮೇಲೆ ಕೂರಿಸಿಕೊಂಡು ಎರಡಕ್ಕೆಲ್ಲ ಅಕ್ಕಲಕೋಟೆ ಮುಟ್ಟುತ್ತಿದ್ದ. ನೀರು ಹಾಕಿಸಿ ಸಂಜೆಯೊಳಗೆ ತಿರುಗಿ ಬರಲೂ ಆಗುತ್ತಿತ್ತು. ಆದರೆ ಮಾವ ಬಾರದಿದ್ದರೆ?

"ಜೀಪಿನ ತಾರೀಖ ಬದಲ ಆಗೂದಿಲ್ಲ," ಅಂದಳು ಪ್ರಾಜಕ್ತಾ.

ಫೋನಿನ ಸದ್ದನ್ನು ಅಡಗಿಸಿ ಹಾಸಿಗೆಯ ಮೇಲೆ ಬೋರಲು ಹಾಕಿದಳು. ಚೀಲಗಳನ್ನು ಒತ್ತೊತ್ತಿ ತುಂಬಿದಳು. ಸಂಜೆ ತಿರುಗಿಸಿ ನೋಡಿದರೆ ರತ್ನಾಬಾಯಿಯ ಏಳು ಕರೆಗಳು. ಕೊನೆಯದು ನಾಲ್ಕೂ ಹತ್ತಕ್ಕೆ, ಆಮೇಲೆ ಇಲ್ಲ. ಅವುಗಳ ಮೇಲೆ ಭಾವಕಿಯ, ಅಂದರೆ ದಾಯಾದಿಗಳ, ವಾಟ್ಸ್ಆ್ಯಪ್ ಗುಂಪಿನ ಸಂದೇಶವೊಂದು ಅರ್ಧ ಇಣುಕುತ್ತಿತ್ತು. ಮರಾಠಿಯ ಒಂದೇ ಪದ: ಭಾವಪೂರ್ಣ.

ಅದರ ಮುಂದೆ ಶ್ರದ್ಧಾಂಜಲಿಯ ಹೊರತು ಇನ್ನೇನೂ ಬರುವುದಿಲ್ಲ ಎಂಬುದು ಸೋಲಾಪುರದ ಕೂಸಿಗೂ ಗೊತ್ತು. ಹೆಬ್ಬೆರಳು ಅದರ ಮೇಲೇ ನಿಂತಿತು. ಒತ್ತಿದರೆ ಓದಿದಂತೆ. ಓದಿದ ಗುರುತು ಅಲ್ಲಿ ಮೂಡುತ್ತದೆ. ಒತ್ತದಿದ್ದರೆ ಯಾರಿಗೆ ಏನು ಗೊತ್ತು? ಕಿವಿಗಂತೂ ಬಿದ್ದಿಲ್ಲ. ಪ್ರಾಜಕ್ತಾ ಅದನ್ನು ಬದಿಗೆ ಸರಿಸಿ ಫೋನು ಬಂದ್ ಮಾಡಿದಳು. ಗಂಡನದನ್ನೂ ಅತ್ತೆಯದನ್ನೂ ಇಸಿದುಕೊಂಡು ಅವನ್ನೂ ಬಂದ್ ಮಾಡಿದಳು. ಇಬ್ಬರೂ ಕೇಳಿದ ಕೂಡಲೇ ಕೊಟ್ಟಿದ್ದರು. ಶಾರದಾಬಾಯಿ ಮಾತ್ರ ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕಲು ಹೋದವರು ಹಾಕದೆ ತಿರುಗಿ ಬಂದರು.

"ಪ್ರಾಜು, ಅಣ್ಣಗ ಒಂದ ಫೋನ ಹಚ್ಚಿಕೊಡು," ಉಣ್ಣಲು ಕೂತ ಸಿದ್ದಣ್ಣ ಅಂದರು. "ಕಾಡಿಗೆ ಹೊಂಟೀನಿ ಅಂತೀನಿ. ಇನ್ನೂ ಊರ ನೋಡಿ ಮುಗಿದಿಲ್ಲ, ಕಾಡ ಬೇಕೇನ ಮಗನ ಅಂತ ಬೈತಾನ."

ಪ್ರಾಜಕ್ತಾ ಸತ್ತ ಫೋನನ್ನೇ ಕಿವಿಗೆ ಹಿಡಿದಳು. ಹತ್ತು ಎಣಿಸುವಷ್ಟು ಹೊತ್ತು ಹಿಡಿದೇ ಇದ್ದಳು.

"ಎತ್ತವಲ್ಲರ್ರಿ. ಮಲಗಿರಬೇಕು."

"ಮಲಗ್ಲಿ ಬಿಡು. ನಿದ್ದಿ ಹತ್ತೂದ ಅಪರೂಪ ಅವಗ."

ಮರುದಿನ ರೈಲು ಹೊರಟು ಅರ್ಧ ತಾಸಿಗೆಲ್ಲ ಅಕ್ಕಲಕೋಟ ರೋಡ್ ಬಂತು. ನಿಲ್ಲುವ ಗಾಡಿಯಲ್ಲ, ಸುಮ್ಮನೆ ನಿಧಾನವಾಯಿತು. ಸಿದ್ದಣ್ಣ ಥಟ್ಟನೆ ಎದ್ದು ಬಾಗಿಲಿಗೆ ನಡೆದರು. ಪ್ರಾಜಕ್ತಾ ಹಿಂದೆಯೇ ಓಡಿದಳು. ಊರು ಅಲ್ಲಿಂದ ಕಾಣುವುದಿಲ್ಲ, ಎರಡೂವರೆ ಹರದಾರಿ ಒಳಗೆ. ಹೊಲಗಳಾಚೆಯ ಆ ದಿಕ್ಕಿಗೆ ಅವರು ಮೊದಲು ಕೈಮುಗಿದರು. ಆಮೇಲೆ ಬಲಗೈ ಎತ್ತಿ ಜೋರಾಗಿ ಬೀಸಿದರು.

"ಅಣ್ಣಾ, ಹೋಗಿಬರ್ತೀನಿ."

ಪ್ಲಾಟ್‌ಫಾರ್ಮಿನಲ್ಲಿ ಗಂಟಿನ ಮೇಲೆ ಕೂತಿದ್ದ ಯಾರೋ ಮುದುಕಿ, ತನಗೇ ಅಂದುಕೊಂಡು, ಬೊಚ್ಚುಬಾಯಿ ತೆರೆದು ಕೈ ಬೀಸಿದಳು. ಸಿದ್ದಣ್ಣ ಹಿಗ್ಗಿಹೋದರು. ಕಂಬಿ ಬಿಟ್ಟು ಇನ್ನೂ ಹೊರಗೆ ಬಾಗಿ, ಅವಳು ಚುಕ್ಕಿಯಾಗುವವರೆಗೂ ಕೈ ಬೀಸುತ್ತಲೇ ಇದ್ದರು. ಗಾಡಿ ಓಟ ಹಿಡಿಯಿತು. ಅವರು ಬೀಳಬಾರದೆಂದು ಪ್ರಾಜಕ್ತಾ ಅವರ ಅಂಗಿಯ ಬೆನ್ನನ್ನು ಎರಡೂ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.