ಎಲೆಗೆ ಹಚ್ಚಿದ ವಾರ್ನಿಶ್

ನಮ್ಮದು ಹಳೆ ಕುರ್ಚಿ, ಮೇಜು, ಬೀರುಗಳಿಗೆ ಪಾಲಿಶ್ ಹಾಕುವ ಅಂಗಡಿ. ಎರಡು ಕೋಣೆ, ಒಂದು ಕಿಟಕಿ, ಮಿಕ್ಕಿದ್ದೆಲ್ಲ ಧೂಳು. ಹೆಂಡತಿ ಉಪ್ಪುಕಾಗದ ಹಿಡಿದು ಮರ ಉಜ್ಜುತ್ತಾಳೆ, ನಾನು ಬ್ರಷ್ ಹಿಡಿಯುತ್ತೇನೆ. ನಾನು ಪಾಲಿಶ್ ಹಾಕಿದ ಬೀರುವಿನಲ್ಲಿ ಮುಖ ನೋಡಿ ತಲೆ ಬಾಚಿಕೊಳ್ಳಬಹುದು ಎಂದು ಜನ ಹೇಳುತ್ತಿದ್ದರು. ಆ ಮಾತು ನನ್ನ ತಲೆಗೇರಿತ್ತು ಎಂದು ಈಗ ಅನ್ನಿಸುತ್ತದೆ.

ಕಿಟಕಿಯ ಹೊರಗೆ ಒಂದು ಹಳೆ ಡ್ರಮ್ಮಿನಲ್ಲಿ ಹೆಂಡತಿ ಮರ ಬೆಳೆಸಿದ್ದಳು. ಮಗಳು ಮದುವೆಯಾಗಿ ಹೋದ ವರ್ಷ ನೆಟ್ಟದ್ದು, ಆಳೆತ್ತರ ಆಗಿತ್ತು. ದಿನಾ ಬೆಳಿಗ್ಗೆ ಕೆಲಸಕ್ಕೆ ಕೂರುವ ಮುಂಚೆ ಒದ್ದೆ ಬಟ್ಟೆಯಲ್ಲಿ ಒಂದೊಂದೇ ಎಲೆ ಒರೆಸುತ್ತಿದ್ದಳು, ಮೇಲೂ ಕೆಳಗೂ. ಹೆತ್ತ ಮಗಳಿಗೂ ಇಷ್ಟು ಮುಖ ತೊಳೆಸಿರಲಿಲ್ಲ ಎಂದು ನಾನು ಆಡಿಕೊಳ್ಳುತ್ತಿದ್ದೆ. ಅವಳು ನಗುತ್ತ ಒರೆಸುತ್ತಲೇ ಇರುತ್ತಿದ್ದಳು.

ಮಗಳ ಹೆರಿಗೆಗೆಂದು ಅವಳು ಒಂದು ತಿಂಗಳು ಹೋಗಬೇಕಾಯಿತು. ಹೊರಡುವಾಗ ಹೇಳಿದ್ದು ಇಷ್ಟೇ.

"ಊಟಕ್ಕೆ ಏನಾದ್ರೂ ಮಾಡ್ಕೊಳ್ಳಿ. ಎಲೆ ಒರೆಸೋದು ಮಾತ್ರ ಮರೀಬೇಡಿ."

ಮೂರು ದಿನ ಒರೆಸಿದೆ. ನಾಲ್ಕನೇ ದಿನ ಬೇಸರ ಬಂತು. ಐದನೇ ದಿನ ಬುದ್ಧಿ ಬಂತು ಅಂದುಕೊಂಡೆ. ಮೇಜಿಗೆ ಒಂದು ಕೈ ವಾರ್ನಿಶ್ ಕೊಟ್ಟರೆ ಧೂಳು ಹಿಡಿಯುವುದಿಲ್ಲ, ಊದಿದರೆ ಹೋಗುತ್ತದೆ. ಎಲೆಗೂ ಅಷ್ಟೇ ತಾನೆ? ನನ್ನ ಹತ್ತಿರ ಇದ್ದ ಅತಿ ನಯವಾದ ಬ್ರಷ್ ತೆಗೆದು ಒಂದೊಂದು ಎಲೆಗೂ ಎರಡೂ ಬದಿ ತೆಳ್ಳಗೆ ಹಚ್ಚಿದೆ. ಎರಡು ದಿನ ಹಿಡಿಯಿತು. ಅವಳು ಬಂದವಳೇ ಬೆರಗಾಗಬೇಕು ಎಂಬ ಆಸೆ. ಅಷ್ಟು ಮನಸ್ಸಿಟ್ಟು ನಾನು ಯಾವ ಬೀರುವಿಗೂ ಪಾಲಿಶ್ ಹಾಕಿದವನಲ್ಲ.

ವಾರದೊಳಗೆ ಎಲೆಗಳು ಹಳದಿಯಾದವು. ಆಮೇಲೆ ಉದುರತೊಡಗಿದವು. ನೆಲದ ಮೇಲೆ ಬಿದ್ದು ಒಣಗಿದ ಮೇಲೂ ಅವು ಹೊಳೆಯುತ್ತಿದ್ದವು, ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಗಾಬರಿಯಾಗಿ ಪಕ್ಕದ ಬೀದಿಯ ಸಸಿ ಮಾರುವ ಅಕ್ಕನನ್ನು ಕರೆತಂದೆ. ಅವಳು ಒಂದು ಎಲೆಯನ್ನು ಉಗುರಿನಿಂದ ಕೆರೆದು ನೋಡಿದಳು. ಥಿನ್ನರ್ ಹಾಕಿ ವಾರ್ನಿಶ್ ತೆಗೆದುಬಿಡಲೇ ಎಂದು ಕೇಳಿದೆ. ಅವಳು ನನ್ನ ಕೈಯಿಂದ ಥಿನ್ನರ್ ಡಬ್ಬಿ ಕಿತ್ತುಕೊಂಡು ದೂರ ಇಟ್ಟಳು.

"ಅಣ್ಣಾ, ಅದು ಉಸಿರಾಡೋ ಜಾಗ. ಅದನ್ನೇ ಮುಚ್ಚಿಬಿಟ್ಟಿದ್ದೀರಿ."

"ಎಲೆಗೆ ಮೂಗೆಲ್ಲಿದೆ?" ಎಂದೆ, ಸೋಲು ಒಪ್ಪದೆ.

ಅವಳು ಎಲೆ ತಿರುಗಿಸಿ ತೋರಿಸಿದಳು. ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು ಹೆಚ್ಚಾಗಿ ಈ ಕೆಳಬದಿಯಲ್ಲೇ ಇರುತ್ತವಂತೆ. ಗಾಳಿ ಅಲ್ಲಿಂದಲೇ ಒಳಗೆ ಹೋಗುತ್ತದೆ. ಅಂಗಡಿಯ ಪ್ಲೈವುಡ್ ಅಂಟಿನಿಂದ ಬಂದು ಕಣ್ಣು ಉರಿಸುತ್ತದಲ್ಲ, ಫಾರ್ಮಾಲ್ಡಿಹೈಡ್ ಎಂಬ ಅನಿಲ, ಅದೂ ಒಂದಿಷ್ಟು ಹೋಗುತ್ತದೆ. ಅದರ ಒಂದೊಂದು ಅಣುವಿನಲ್ಲೂ ಇರುವ ಇಂಗಾಲದ ಪರಮಾಣು ಒಂದೇ ಒಂದು. ಎಲೆ ಅದನ್ನು ಮೊದಲು ಒಂದು ಹುಳಿಯಾಗಿ ಮಾಡುತ್ತದೆ. ಕೆಲವು ಇರುವೆ ಕಚ್ಚಿದಾಗ ಉರಿಯುವುದು ಅದೇ ಹುಳಿಯಿಂದ. ಆ ಹುಳಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಬಿಸಿಲು ಬಿದ್ದಾಗ ಎಲೆ ಅದನ್ನು ಸಕ್ಕರೆ ಮಾಡಿಕೊಂಡು ಮರ ಬೆಳೆಸುತ್ತದೆ.

"ಅಂದ್ರೆ ನಮ್ಮ ವಿಷ ತಿಂದು ಇದು ಬೆಳೀತಿತ್ತಾ?"

"ಸ್ವಲ್ಪ. ಅದಕ್ಕೂ ಒಂದು ಮಿತಿ ಇದೆ. ಮರ ಇದೆ ಅಂತ ಕಿಟಕಿ ಮುಚ್ಚೋ ಹಾಗಿಲ್ಲ. ಧೂಳು ಕೂತ್ರೂ ಆ ರಂಧ್ರ ಮುಚ್ಚುತ್ತೆ. ಅತ್ತಿಗೆ ಒರೆಸ್ತಿದ್ರಲ್ಲ, ಅಷ್ಟು ಸಾಕಿತ್ತು."

ಹೆಂಡತಿ ಬಂದಾಗ ಕತ್ತಲಾಗಿತ್ತು. ಮರುದಿನ ಬೆಳಿಗ್ಗೆ, ರೂಢಿಯಂತೆ ಬಟ್ಟೆ ಹಿಂಡಿಕೊಂಡು ಮರದ ಹತ್ತಿರ ಹೋದಳು. ಒರೆಸಲು ಎಲೆ ಇರಲಿಲ್ಲ. ರೆಂಬೆಗಳೂ ಒಣಗಿದ್ದವು. ನಾನು ನಡೆದದ್ದನ್ನೆಲ್ಲ ಹೇಳಿದೆ. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು.

"ಚೆನ್ನಾಗಿರ್ಲಿ ಅಂತಾನೇ ಮಾಡಿದ್ದೀರಿ, ಗೊತ್ತು," ಎಂದಳು. "ಯಾಕೆ ಒರೆಸ್ತೀಯ ಅಂತ ಒಂದು ದಿನ ಕೇಳಿದ್ರೆ ಹೇಳ್ತಿದ್ನಲ್ಲ."

ಇಷ್ಟು ವರ್ಷ ಆಡಿಕೊಂಡಿದ್ದೆ, ಒಂದು ದಿನವೂ ಕೇಳಿರಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ.

ಅದೇ ಡ್ರಮ್ಮಿನಲ್ಲಿ ಈಗ ಹೊಸ ಸಸಿ ಇದೆ, ಅಕ್ಕ ಕೊಟ್ಟದ್ದು. ಕಿಟಕಿ ದಿನವಿಡೀ ತೆರೆದಿರುತ್ತದೆ. ಬೆಳಿಗ್ಗೆ ಒರೆಸುವುದು ನನ್ನ ಪಾಲಿನ ಕೆಲಸ. ಇರುವುದು ಹನ್ನೊಂದೇ ಎಲೆ, ಎರಡು ನಿಮಿಷ ಸಾಕು. ಹಳೆ ಮರವಿದ್ದಾಗ ಅವಳಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು.

ಇದನ್ನು ಓದುತ್ತಿರುವವರೇ, ನಿಮ್ಮ ಅಂಗಡಿಯ ಬಾಗಿಲಲ್ಲೂ ಧೂಳು ಹಿಡಿದ ಗಿಡವೊಂದು ಇರಬಹುದು. ಅದಕ್ಕೆ ಎಣ್ಣೆ ಬೇಡ, ಬಣ್ಣ ಬೇಡ, ಹೊಳಪೂ ಬೇಡ. ಒಂದು ಒದ್ದೆ ಬಟ್ಟೆ ತೆಗೆದುಕೊಂಡು ಎಲೆಯ ಕೆಳಬದಿಯನ್ನೂ ಒರೆಸಿ, ಕಿಟಕಿ ತೆರೆದಿಡಿ. ಮನೆಯಲ್ಲಿ ಯಾರಾದರೂ ಈಗಾಗಲೇ ಆ ಕೆಲಸ ಮಾಡುತ್ತಿದ್ದರೆ, ನಗುವ ಮುಂಚೆ ಯಾಕೆ ಎಂದು ಕೇಳಿ.