ಭಾಗಮ್ಮನ ಮೊದಲ ಫೋಟೊ

ಫೆಬ್ರವರಿ ಬಂತೆಂದರೆ ಕಮಲಾಪುರದ ಆ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಸೂಗಪ್ಪ ಮಾಸ್ತರರದೇ ದರ್ಬಾರು. ಎಲ್ಲರ ಇನ್‌ಕಮ್ ಟ್ಯಾಕ್ಸ್ ಫಾರ್ಮುಗಳನ್ನೂ ಅವರೇ ತುಂಬಿಕೊಡುತ್ತಿದ್ದರು. ಸೇವೆಯೇನೋ ಪುಕ್ಕಟೆ, ಆದರೆ ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿಕೊಂಡು, ಹಾಜರಿ ಕೂಗುವ ದನಿಯಲ್ಲಿ, ಎಲ್ಲರಿಗೂ ಕೇಳುವಂತೆ ಪ್ರಶ್ನೆ ಹಾಕುತ್ತಿದ್ದರು.

"ಎಲ್‌ಐಸಿ ಎಷ್ಟ್ರೀ? ಮನಿ ಸಾಲ ಅದಾ? ಮನ್ಯಾಗ ಅಂಗವಿಕಲರು, ದೊಡ್ಡ ಜಡ್ಡಿನವರು ಯಾರರ ಅದಾರೇನು? ಔಷಧದ ಖರ್ಚಿಗಿ ವಿನಾಯಿತಿ ಸಿಗ್ತದ ನೋಡ್ರಿ."

ಕೊನೆಯ ಪ್ರಶ್ನೆಗೆ ಎಲ್ಲರೂ ಕೈ ಮುಗಿದು, "ಶರಣಪ್ಪ ದೇವರ ದಯದಿಂದ ಯಾರೂ ಇಲ್ರಿ" ಅನ್ನುವುದು ರೂಢಿ. ಹೋದ ವರ್ಷದವರೆಗೆ ಚಂದಮ್ಮ ಟೀಚರೂ ಹಾಗೆಯೇ ಅಂದಿದ್ದಳು. ಈ ಸಲ ಮಾತ್ರ, "ಕಾಗದ ಮನ್ಯಾಗ ಮರತೀನ್ರಿ ಸರ್" ಎಂದು ವಾರದ ಮಟ್ಟಿಗೆ ತಪ್ಪಿಸಿಕೊಂಡಳು. ಬಸ್ಸಿನಲ್ಲಿ ಕಲಬುರಗಿ ಮುಟ್ಟುವವರೆಗೂ ಅವಳು ಆ ಪ್ರಶ್ನೆಯನ್ನೇ ಮೆಲುಕು ಹಾಕುತ್ತಿದ್ದಳು.

ಖೂಬಾ ಪ್ಲಾಟ್ ಬಡಾವಣೆಯ ಮನೆಯಲ್ಲಿ ಅವಳ ಹಿರಿಮಗಳು ಭಾಗಮ್ಮ ಇದ್ದಳು. ವಯಸ್ಸು ಹನ್ನೆರಡು, ಬುದ್ಧಿ ಮಾತ್ರ ಹಸುಗೂಸಿನದು, ಜೊತೆಗೆ ಫಿಟ್ಸ್. ಬಾಯಲ್ಲಿ ಬರುತ್ತಿದ್ದುದು "ಯವ್ವಾ" ಎಂಬ ಒಂದೇ ಮಾತು. ಮನೆಗೆ ಯಾರಾದರೂ ಬಂದರೆ ಅವಳನ್ನು ಒಳಕೋಣೆಗೆ ಕಳಿಸಿ ಬಾಗಿಲು ಮುಚ್ಚುತ್ತಿದ್ದರು. ಚಂದಮ್ಮನಿಗೆ ಇರುವುದು ಕಿರಿಯವನಾದ ಮಗನೊಬ್ಬನೇ ಎಂದು ಸ್ಕೂಲಿನವರು ನಂಬಿದ್ದರು. ಹಾಗೆಂದು ಹೇಳಿದವಳು ಅವಳೇ.

ಡಾಕ್ಟರರು ಈಗ ದುಬಾರಿ ಗುಳಿಗೆ ಬರೆದಿದ್ದರು. ಇಂಥ ಮಕ್ಕಳ ತರಬೇತಿ ಶಾಲೆಗೆ ಸೇರಿಸಿರೆಂದೂ ಹೇಳಿದ್ದರು. ಫೆಬ್ರವರಿ ಪಗಾರ ತೆರಿಗೆಗೇ ಹೋದರೆ ಅದೆಲ್ಲ ಆಗುವ ಮಾತಲ್ಲ. ವಿನಾಯಿತಿಗೆ ಸರಕಾರಿ ದವಾಖಾನೆಯ ಸರ್ಟಿಫಿಕೇಟು ಬೇಕು, ಸರ್ಟಿಫಿಕೇಟಿಗೆ ಮಗಳ ಫೋಟೊ ಬೇಕು. ಹುಟ್ಟಿದಾಗಿನಿಂದ ಭಾಗಮ್ಮನ ಒಂದು ಫೋಟೊವನ್ನೂ ಅವರು ತೆಗೆಸಿರಲಿಲ್ಲ.

"ನೀ ಆ ಫಾರ್ಮ್ ಕೊಟ್ರ ಸಾಲಿ ತುಂಬ ಸುದ್ದಿ ಆಗ್ತದ" ಎಂದ ಗಂಡ ದೌಲಪ್ಪ. "ಬಸರಿ ಹೆಂಗಸರ ಮುಂದ ಈ ಹುಡುಗೀನ ತರಬ್ಯಾಡ್ರಿ ಅಂತ ನಮ್ಮ ಅತ್ತಿಗಿನೇ ಅಂದಾಳ. ಹೊರಗಿನವರು ಬಿಡ್ತಾರೇನು?"

"ಮತ್ತ ಗುಳಿಗಿಗಿ ಏನ್ ಮಾಡೂದ್ರೀ?"

"ಎಲ್ಲಿಂದರ ತರ್ತೀನಿ. ಮಂದಿ ಬಾಯಿಗಿ ಮಾತ್ರ ನನ್ನ ಮಗಳನ್ನ ಕೊಡಂಗಿಲ್ಲ."

ಆ ಮಾತಿನಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು. ಚಂದಮ್ಮನಿಗೇನು ಧೈರ್ಯವಿತ್ತೆಂದಲ್ಲ. ಆದರೂ ಭಾನುವಾರ ಮಗಳ ತಲೆಯ ಮೇಲೆ ಸೆರಗು ಹೊದಿಸಿ, ಆಟೊದಲ್ಲಿ ಸೂಪರ್ ಮಾರ್ಕೆಟ್ ಪೇಟೆಗೆ ಕರೆದುಕೊಂಡು ಹೋದಳು.

ಅಲ್ಲಿನ ಫೋಟೊ ಸ್ಟುಡಿಯೊದ ಕರೀಂಸಾಬ್ ಬಾಯಲ್ಲಿ ಗಿಣಿಯಂತೆ ಸದ್ದು ಮಾಡಿದ. ಭಾಗಮ್ಮ ಕಿಲಕಿಲ ನಕ್ಕಳು.

"ಅರೆ ವಾಹ್! ಎಷ್ಟ ಚಂದ ನಗ್ತಾಳ ನೋಡ್ರಿ ಅಮ್ಮಾ, ನಿಮ್ಮ ಬೇಟಿ!"

ಮಗಳ ಬಗ್ಗೆ ಹೊರಗಿನವರು ಒಳ್ಳೆಯ ಮಾತಾಡಿದ್ದು ಅದೇ ಮೊದಲು. ಚಂದಮ್ಮನ ಕಣ್ಣು ತುಂಬಿ ಬಂತು. ಅದೇ ಗುಂಗಿನಲ್ಲಿ ಹೊರಗೆ ಬಂದರೆ, ಎದುರಿಗೇ ಅವಳ ಸ್ಕೂಲಿನ ಭೀಮಬಾಯಿ ಟೀಚರು. ಏಳು ತಿಂಗಳ ಬಸುರಿ. ಭಾಗಮ್ಮ ಕೈ ಚಾಚಿ ಅವರ ಬಳೆ ಮುಟ್ಟಲು ಹೋದಳು. ಭೀಮಬಾಯಿ ಗಾಬರಿಯಾಗಿ, ಹೊಟ್ಟೆಯ ಮೇಲೆ ಸೆರಗೆಳೆದುಕೊಂಡು ಹಿಂದೆ ಸರಿದರು.

"ಇಕಿ ಯಾರ್ರೀ ಟೀಚರ್?"

ಚಂದಮ್ಮ ಮಗಳ ಕೈ ಹಿಂದಕ್ಕೆಳೆದುಕೊಂಡಳು.

"ನಮ್ಮ... ನಮ್ಮ ಓಣಿ ಹುಡುಗಿ ರೀ."

"ಯವ್ವಾ" ಎಂದಳು ಭಾಗಮ್ಮ, ತಾಯಿಯ ಸೆರಗು ಜಗ್ಗುತ್ತ.

ಭೀಮಬಾಯಿ ಇಬ್ಬರನ್ನೂ ಒಮ್ಮೆ ನೋಡಿ ಹೊರಟುಹೋದರು. ಆಟೊದಲ್ಲಿ ಚಂದಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಮಗಳನ್ನು ಇಷ್ಟು ವರ್ಷ ಬಚ್ಚಿಟ್ಟಿದ್ದಳು ನಿಜ. ಅವಳೆದುರಿಗೇ ಅವಳನ್ನು ನನ್ನವಳಲ್ಲ ಎಂದದ್ದು ಇದೇ ಮೊದಲು. ಭಾಗಮ್ಮ ಮಾತ್ರ ತಾಯಿಯ ಗಲ್ಲ ಒರೆಸುತ್ತ ಇನ್ನೂ ನಗುತ್ತಿದ್ದಳು.

ನಡೆದದ್ದನ್ನೆಲ್ಲ ಚಂದಮ್ಮ ದೌಲಪ್ಪನಿಗೆ ಹೇಳಿದಳು. ಮರುದಿನ ದವಾಖಾನೆಯ ಸರದಿ ಸಾಲಿನಲ್ಲಿ ಅವನೂ ಇದ್ದ. ಮುಖ ತಗ್ಗಿಸಿಯೇ ನಿಂತಿದ್ದ, ಆದರೆ ಮಗಳ ಕೈ ಬಿಟ್ಟಿರಲಿಲ್ಲ.

ಆ ವಾರದ ಕೊನೆಗೆ ಚಂದಮ್ಮ ಸೂಗಪ್ಪ ಮಾಸ್ತರರ ಎದುರು ಕುಳಿತಳು. ಪಕ್ಕದ ಕುರ್ಚಿಯಲ್ಲೇ ಭೀಮಬಾಯಿ ಇದ್ದರು.

"ಮನ್ಯಾಗ ಅಂಗವಿಕಲರು, ಜಡ್ಡಿನವರು... ಯಾರೂ ಇಲ್ಲ, ಹೌದಲ್ರೀ?" ಮಾಸ್ತರರು ಆಗಲೇ ಗೆರೆ ಎಳೆಯಲು ಪೆನ್ನು ಊರಿದ್ದರು.

"ಅದಾಳ್ರಿ ಸರ್."

ಚಂದಮ್ಮ ಸರ್ಟಿಫಿಕೇಟು ಮುಂದಿಟ್ಟಳು. ಅದರ ಮೂಲೆಯಲ್ಲಿ ಭಾಗಮ್ಮ ನಗುತ್ತಿದ್ದಳು. ಮಾಸ್ತರರು ಕನ್ನಡಕ ಸರಿಮಾಡಿಕೊಂಡು, ಎಂದೂ ಇಲ್ಲದ ಮೆಲುದನಿಯಲ್ಲಿ ಓದತೊಡಗಿದರು.

"ಜೋರಾಗೇ ಓದ್ರಿ ಸರ್" ಎಂದಳು ಚಂದಮ್ಮ. ಆಮೇಲೆ ಭೀಮಬಾಯಿಯ ಕಡೆ ತಿರುಗಿ, "ಅವತ್ತ ನಿಮಗ ಸುಳ್ಳ ಹೇಳಿದೆ. ಇಕಿ ನನ್ನ ಮಗಳ್ರಿ" ಎಂದಳು.

ಭೀಮಬಾಯಿಯ ಕೈ ಸೆರಗಿನ ಕಡೆ ಹೋಯಿತು. ಅಲ್ಲೇ ತಡೆದು ನಿಂತಿತು. ಆಮೇಲೆ ಮೆಲ್ಲಗೆ ಮೇಜಿನತ್ತ ಚಾಚಿ ಆ ಫೋಟೊವನ್ನು ಮುಟ್ಟಿತು.

ಸೂಗಪ್ಪ ಮಾಸ್ತರರು ಮತ್ತೆ ಸರ್ಟಿಫಿಕೇಟು ಕೈಗೆತ್ತಿಕೊಂಡರು. ಯಾವ ಶಾಲೆಯ ಹಾಜರಿ ಪುಸ್ತಕದಲ್ಲೂ ಇರದ ಆ ಹೆಸರನ್ನು, ಹಾಜರಿ ಕೂಗುವ ತಮ್ಮ ಎಂದಿನ ದೊಡ್ಡ ದನಿಯಲ್ಲಿ ಕೂಗಿದರು:

"ಭಾಗಮ್ಮ, ತಂದೆ ದೌಲಪ್ಪ!"

"ಹೌದ್ರಿ ಸರ್" ಎಂದಳು ತಾಯಿ.